ಮಾತ್ರೆಗೆ ಮಣಿಯದ ಊತ

ಮಕ್ಕಳ ಮೂತ್ರಪಿಂಡದ ಕಾಯಿಲೆ ಮೊದಲ ಔಷಧಿಗೆ ಬಗ್ಗದಿದ್ದರೆ ಮುಂದೇನು? ತಾಯಂದಿರು ತಿಳಿದಿರಬೇಕಾದ ಕೆಲವು ಮಾತುಗಳು

ಬೆಳಿಗ್ಗೆ ಹಾಸಿಗೆಯಿಂದ ಎದ್ದ ಮಗುವಿನ ಕಣ್ಣಿನ ರೆಪ್ಪೆ ಬಾತುಕೊಂಡಿರುತ್ತದೆ. ‘ರಾತ್ರಿ ಸೊಳ್ಳೆ ಕಚ್ಚಿರಬೇಕು’ ಅಂದುಕೊಳ್ಳುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಬಾವು ಇಳಿದಿರುತ್ತದೆ, ನಾವೂ ಮರೆತಿರುತ್ತೇವೆ. ಮರುದಿನ ಮತ್ತೆ ಅದೇ. ವಾರ ಕಳೆಯುವಷ್ಟರಲ್ಲಿ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಚಡ್ಡಿಯ ಎಲಾಸ್ಟಿಕ್ಕಿನ ಗುರುತು ಸೊಂಟದ ಮೇಲೆ ಅಚ್ಚೊತ್ತಿದ ಹಾಗೆ ಉಳಿಯುತ್ತದೆ. ಮನೆಗೆ ಬಂದ ನೆಂಟರು ‘ಮಗು ಈಗ ಮೈಕೈ ತುಂಬಿಕೊಂಡಿದೆ ಕಣ್ರೀ’ ಎಂದು ಹೊಗಳುವುದೂ ಉಂಟು. ಆದರೆ ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು.

ವೈದ್ಯರು ಇದನ್ನು ನೆಫ್ರಾಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಹೆಚ್ಚಾಗಿ ಎರಡರಿಂದ ಆರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ನೂರರಲ್ಲಿ ಎಂಬತ್ತೈದು ತೊಂಬತ್ತು ಮಕ್ಕಳಿಗೆ ಕೆಲವೇ ವಾರಗಳಲ್ಲಿ ಊತ ಇಳಿಯುತ್ತದೆ. ಆಮೇಲೆ ಆಗಾಗ ಮರುಕಳಿಸಿದರೂ ಹೆಚ್ಚಿನ ಮಕ್ಕಳು ದೊಡ್ಡವರಾಗುತ್ತ ಚೇತರಿಸಿಕೊಳ್ಳುತ್ತಾರೆ.

ಉಳಿದ ಹತ್ತು ಹದಿನೈದು ಮಕ್ಕಳ ಪಾಡೇನು? ದಿನಾ ಮಾತ್ರೆ ನುಂಗಿಸಿದರೂ ಮೂತ್ರದಲ್ಲಿ ಸತ್ವ ಸೋರುವುದು ನಿಲ್ಲುವುದಿಲ್ಲ. ಮುಖ ಮಾತ್ರ ಮಾತ್ರೆಯಿಂದ ಚಂದ್ರನ ಹಾಗೆ ಗುಂಡಗಾಗುತ್ತದೆ. ಆಗ ಮನೆಯವರ ಧೈರ್ಯ ಕುಸಿಯುತ್ತದೆ. ‘ಇಂಗ್ಲಿಷ್ ಔಷಧಿ ಹಿಡಿಸಲಿಲ್ಲ, ಬಿಟ್ಟುಬಿಡಿ’ ಎಂದು ಒಬ್ಬರು, ‘ಅಲ್ಲೆಲ್ಲೋ ನಾಟಿ ಔಷಧಿ ಕೊಡ್ತಾರಂತೆ’ ಎಂದು ಇನ್ನೊಬ್ಬರು. ಈ ಲೇಖನ ಆ ಮನೆಗಳಿಗಾಗಿ. ಮೊದಲ ಔಷಧಿ ಸೋತಿತು ಎಂದರೆ ಔಷಧಿಯೇ ಇಲ್ಲ ಎಂದಲ್ಲ; ದಾರಿ ಬೇರೆ, ಅಷ್ಟೆ. ಆ ದಾರಿಯಲ್ಲಿ ಅರ್ಧ ಕೆಲಸ ಆಸ್ಪತ್ರೆಯದಾದರೆ ಇನ್ನರ್ಧ ನಮ್ಮ ಅಡುಗೆಮನೆಯದು, ನಮ್ಮ ಗಡಿಯಾರದ್ದು.

ಜರಡಿ ಹರಿದಾಗ

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಪುಟ್ಟ ಜರಡಿಗಳಿವೆ. ರಕ್ತ ಇವುಗಳ ಮೂಲಕ ಹಾದುಹೋಗುವಾಗ ಬೇಡವಾದದ್ದು ಮೂತ್ರಕ್ಕೆ ಇಳಿಯುತ್ತದೆ, ಬೇಕಾದದ್ದು ರಕ್ತದಲ್ಲೇ ಉಳಿಯುತ್ತದೆ. ಸಸಾರಜನಕ, ಅಂದರೆ ಪ್ರೋಟೀನ್, ಉಳಿಯಬೇಕಾದ ವಸ್ತು. ಅದರಲ್ಲೂ ಅಲ್ಬುಮಿನ್ ಎಂಬುದು ರಕ್ತದ ನೀರನ್ನು ರಕ್ತನಾಳದೊಳಗೇ ಹಿಡಿದಿಡುತ್ತದೆ. ಜರಡಿಯ ಕಣ್ಣು ದೊಡ್ಡದಾದರೆ ಹಿಟ್ಟಿನ ಜೊತೆ ತೌಡೂ ಕೆಳಗಿಳಿಯುವಂತೆ, ಈ ಜರಡಿ ಕೆಟ್ಟರೆ ಅಲ್ಬುಮಿನ್ ಮೂತ್ರದಲ್ಲಿ ಹೊರಟುಹೋಗುತ್ತದೆ. ಹಿಡಿದಿಡುವವನಿಲ್ಲದ ನೀರು ಕಣ್ಣು, ಹೊಟ್ಟೆ, ಕಾಲುಗಳಲ್ಲಿ ಸೇರಿಕೊಳ್ಳುತ್ತದೆ. ಮೂತ್ರದಲ್ಲಿ ನೊರೆ ಬರುವುದೂ ಇದೇ ಕಾರಣಕ್ಕೆ.

ಜರಡಿ ಕೆಡುವುದಕ್ಕೆ ಎರಡು ಬಗೆಯ ಕಾರಣಗಳಿವೆ. ಒಂದು, ಜರಡಿ ಚೆನ್ನಾಗಿಯೇ ಇದೆ, ಆದರೆ ಮೈಯ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಅದರ ಮೇಲೆ ಎರಗುತ್ತಿದೆ. ಇನ್ನೊಂದು, ಜರಡಿಯ ಹೆಣಿಗೆಯೇ ಹುಟ್ಟಿನಿಂದ ಸರಿಯಿಲ್ಲ. 1998ರಲ್ಲಿ ನೆಫ್ರಿನ್, 2000ದಲ್ಲಿ ಪೋಡೋಸಿನ್ ಎಂಬ ಎರಡು ಎಳೆಗಳನ್ನು ವಿಜ್ಞಾನಿಗಳು ಪತ್ತೆಹಚ್ಚಿದರು. ಜರಡಿಯನ್ನು ನೇಯುವ ಈ ಎಳೆಗಳಿಗೆ ಬೇಕಾದ ಸೂಚನೆ ವಂಶವಾಹಿಯಲ್ಲಿ ತಪ್ಪಾಗಿದ್ದರೆ ಮಗುವಿಗೆ ಕಾಯಿಲೆ ಬರುತ್ತದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಯಿಲೆ ಜೋರಾಗಿರುವ ಎಷ್ಟೋ ಮಕ್ಕಳ ರಕ್ತದಲ್ಲಿ ಅದೇ ನೆಫ್ರಿನ್‌ನ ಮೇಲೆ ಎರಗುವ ಪ್ರತಿಕಾಯಗಳು ಕಂಡುಬಂದವು. ಅಂದರೆ ಒಂದು ಮಗುವಿನಲ್ಲಿ ಎಳೆಯೇ ದುರ್ಬಲ, ಇನ್ನೊಂದರಲ್ಲಿ ಎಳೆ ಗಟ್ಟಿ, ಆದರೆ ಅದನ್ನು ಯಾರೋ ಕತ್ತರಿಸುತ್ತಿದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಮಕ್ಕಳ ಊತ ಒಂದೇ. ಔಷಧಿ ಮಾತ್ರ ಒಂದೇ ಅಲ್ಲ. ಮುಂದಿನ ಪರೀಕ್ಷೆಗಳೆಲ್ಲ ಈ ವ್ಯತ್ಯಾಸವನ್ನು ತಿಳಿಯುವುದಕ್ಕೇ.

ನಿಜವಾಗಿ ಮಣಿಯಲಿಲ್ಲವೇ?

ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘ 2021ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಆರು ವಾರ ದಿನವೂ ಸರಿಯಾದ ಪ್ರಮಾಣದ ಪ್ರೆಡ್ನಿಸೊಲೋನ್ ಕೊಟ್ಟಮೇಲೂ ಸೋರಿಕೆ ಪೂರ್ತಿ ನಿಲ್ಲದಿದ್ದರೆ ಅದು ಸ್ಟೀರಾಯ್ಡ್‌ಗೆ ಮಣಿಯದ ಕಾಯಿಲೆ. ಕೆಲವು ಮಕ್ಕಳು ಮೊದಲ ಸಲ ಚೆನ್ನಾಗಿ ಗುಣಹೊಂದಿ, ವರ್ಷಗಳ ಮೇಲೆ ಮರುಕಳಿಸಿದಾಗ ಮಣಿಯದೆ ಹೋಗುವುದೂ ಉಂಟು.

ಆದರೆ ಹಾಗೆ ಹಣೆಪಟ್ಟಿ ಹಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಮಾತ್ರೆ ಮಗುವಿನ ಹೊಟ್ಟೆಗೆ ಹೋಯಿತೇ? ಕಹಿ ಎಂದು ಉಗುಳಿದ್ದು, ಮಂಚದ ಕೆಳಗೆ ಎಸೆದದ್ದು, ವಾಂತಿಯಾದದ್ದು, ‘ಮುಖ ಊದಿಕೊಳ್ತಿದೆ’ ಎಂದು ನಾವೇ ಅರ್ಧ ಮಾಡಿದ್ದು, ಜಾತ್ರೆಗೋ ಮದುವೆಗೋ ಹೋದಾಗ ಮೂರು ದಿನ ತಪ್ಪಿದ್ದು, ಎಲ್ಲವನ್ನೂ ವೈದ್ಯರಿಗೆ ಬಿಚ್ಚಿ ಹೇಳಿ. ಬೈಸಿಕೊಳ್ಳುತ್ತೇವೆಂದು ಮುಚ್ಚಿಟ್ಟರೆ ಮಗುವಿಗೆ ಬೇಡದ ದೊಡ್ಡ ಔಷಧಿ ಬೀಳುತ್ತದೆ. ಎರಡನೆಯದು, ಮೈಯಲ್ಲಿ ಎಲ್ಲಾದರೂ ಸೋಂಕು ಅಡಗಿದೆಯೇ? ಮೂತ್ರನಾಳದ ಸೋಂಕು, ಕ್ಷಯ ಇಂಥವು ಒಳಗೆ ಕುಳಿತಿದ್ದರೆ ಸ್ಟೀರಾಯ್ಡ್ ಕೆಲಸ ಮಾಡದೆ ಹೋಗಬಹುದು. ಸೋಂಕು ವಾಸಿಯಾದರೆ ಕೆಲವೊಮ್ಮೆ ಅದೇ ಮಾತ್ರೆ ನಾಟುತ್ತದೆ.

ಇನ್ನೊಂದು ಎಚ್ಚರಿಕೆ: ಗುಣ ಕಾಣಲಿಲ್ಲವೆಂದು ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ. ವಾರಗಟ್ಟಲೆ ಈ ಮಾತ್ರೆ ತಿಂದ ಮೈ, ತನ್ನದೇ ಆದ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಹಠಾತ್ತನೆ ನಿಂತರೆ ಸಣ್ಣ ಜ್ವರವೂ ಪ್ರಾಣಾಪಾಯವಾಗಬಹುದು. ಇಳಿಸುವುದಿದ್ದರೆ ವೈದ್ಯರು ಹೇಳಿದಂತೆ ಮೆಟ್ಟಿಲಿಳಿದ ಹಾಗೆ ಇಳಿಸಬೇಕು.

ಸೂಜಿ ಎಂದರೆ ಭಯ ಬೇಡ

ಮುಂದಿನ ಹೆಜ್ಜೆ ಬಯಾಪ್ಸಿ. ಈ ಹೆಸರು ಕೇಳಿದೊಡನೆ ‘ಕಿಡ್ನಿ ಕೊಯ್ದುಬಿಡ್ತಾರಂತೆ’ ಎಂದು ಹೆದರಿ ಮಗುವನ್ನು ಎತ್ತಿಕೊಂಡು ಊರಿಗೆ ಬಂದುಬಿಡುವವರಿದ್ದಾರೆ. ಹಾಗೇನಿಲ್ಲ. ಮಗುವಿಗೆ ಮಂಪರು ಬರಿಸಿ, ಜಾಗ ಮರಗಟ್ಟಿಸಿ, ಸ್ಕ್ಯಾನ್ ನೋಡಿಕೊಂಡೇ ಬೆನ್ನಿನ ಕಡೆಯಿಂದ ಸೂಜಿ ಹಾಕಿ ದಾರದೆಳೆಯಷ್ಟು ತುಣುಕು ತೆಗೆಯುತ್ತಾರೆ. ಆಮೇಲೆ ಮಗು ಅಲುಗಾಡದೆ ಕೆಲವು ಗಂಟೆ ಮಲಗಿರಬೇಕು. ಮೂತ್ರದಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದುಂಟು. ಅದಕ್ಕೇ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ಆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜರಡಿಗಳಲ್ಲಿ ಹೆಚ್ಚೇನೂ ಬದಲಾವಣೆ ಇಲ್ಲವೋ, ಅಲ್ಲಲ್ಲಿ ಕಲೆಗಟ್ಟಿದೆಯೋ ತಿಳಿಯುತ್ತದೆ. ಕಲೆಗಟ್ಟಿದ ಬಗೆ ಹೆಚ್ಚು ಹಟಮಾರಿ.

ಜೊತೆಗೆ ವಂಶವಾಹಿ ಪರೀಕ್ಷೆಯನ್ನೂ ಈಗ ಹೇಳುತ್ತಾರೆ. ವರ್ಷ ತುಂಬುವ ಮೊದಲೇ ಊತ ಬಂದ ಕೂಸುಗಳಿಗೆ, ಮನೆತನದಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಇದ್ದರೆ, ಮೊದಲ ಸಲದ ಮಾತ್ರೆಗೇ ಮಣಿಯದಿದ್ದರೆ ಇದು ಮುಖ್ಯ. ಇದಕ್ಕೆ ಬೇಕಾದದ್ದು ಸ್ವಲ್ಪ ರಕ್ತ, ಅಷ್ಟೇ. ‘ಇದರಿಂದೇನು ಉಪಯೋಗ?’ ಅಂತೀರಾ? ಹೆಣಿಗೆಯೇ ದೋಷವಿದ್ದ ಮಗುವಿಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿಗಳನ್ನು ಸುರಿದರೆ ಸಾಮಾನ್ಯವಾಗಿ ಫಲವಿಲ್ಲ. ಎತ್ತರ ಕುಂದುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ತಗಲುತ್ತದೆ. ಕಾರಣ ಗೊತ್ತಾದರೆ ಆ ಔಷಧಿಗಳನ್ನು ನಿಲ್ಲಿಸಿ ಮೂತ್ರಪಿಂಡವನ್ನು ಆದಷ್ಟು ಕಾಲ ಕಾಪಾಡುವ ಚಿಕಿತ್ಸೆಗೆ ಹೊರಳಬಹುದು.

ಇಲ್ಲಿ ಒಂದು ನೋವಿನ ಮಾತು ಹೇಳಲೇಬೇಕು. ವಂಶವಾಹಿ ಎಂದೊಡನೆ ಬೆರಳು ತಾಯಿಯ ಕಡೆಗೆ ತಿರುಗುತ್ತದೆ. ‘ನಮ್ಮ ಕಡೆ ಯಾರಿಗೂ ಇರಲಿಲ್ಲ’ ಎನ್ನುತ್ತಾರೆ ಅತ್ತೆಮನೆಯವರು. ಪೋಡೋಸಿನ್ ದೋಷದಂಥ ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬರಬೇಕು. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ತಮ್ಮಲ್ಲಿ ಹಾಗೊಂದು ಪ್ರತಿ ಇದೆಯೆಂದು ಇಬ್ಬರಿಗೂ ತಿಳಿದಿರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಇನ್ನೂ ಇದೆ. ಒಂದೇ ಮನೆತನದ ಇಬ್ಬರಲ್ಲಿ ಒಂದೇ ಕೆಟ್ಟ ಪ್ರತಿ ಇರುವ ಸಂಭವ ಹೆಚ್ಚು. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಇರುತ್ತದೆ. ಆದ್ದರಿಂದ ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ಆದರೆ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೂ, ಬಸಿರಿನಲ್ಲಿ ಏನೋ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಯಾರ ತಪ್ಪೂ ಅಲ್ಲ.

ಮಣ್ಣಿನಿಂದ ಬಂದ ಮದ್ದು

ವಂಶವಾಹಿ ದೋಷವಿಲ್ಲದ ಮಕ್ಕಳಿಗೆ ಈಗ ಹೆಚ್ಚಾಗಿ ಕೊಡುವುದು ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೋರಿನ್. ಎರಡರ ಹುಟ್ಟೂ ಸ್ವಾರಸ್ಯದ್ದು. ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆ ದೇಶದ ಹಾರ್ಡಂಗರ್‌ವಿಡ್ಡಾ ಎಂಬ ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಒಂದು ಬೂಷ್ಟಿನಲ್ಲಿ. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ಸುಕುಬಾ ಎಂಬ ಊರಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ. ಅಂಗ ಕಸಿ ಮಾಡಿಸಿಕೊಂಡವರಿಗಾಗಿ ಬಳಕೆಗೆ ಬಂದ ಈ ಮದ್ದುಗಳು ಈ ಮಕ್ಕಳಿಗೂ ಆಸರೆಯಾದವು. ಇವುಗಳ ಜೊತೆಗೆ ಸ್ಟೀರಾಯ್ಡನ್ನು ಕಡಿಮೆ ಪ್ರಮಾಣದಲ್ಲಿ, ದಿನ ಬಿಟ್ಟು ದಿನ ಕೊಡುತ್ತಾರೆ. ಸೋರಿಕೆ ತಗ್ಗಿಸಿ ರಕ್ತದೊತ್ತಡ ಹಿಡಿತದಲ್ಲಿಡಲು ಎನಲಾಪ್ರಿಲ್‌ನಂಥ ಮಾತ್ರೆಯನ್ನೂ ಸೇರಿಸುತ್ತಾರೆ.

ಫಲ ಎರಡೇ ದಿನದಲ್ಲಿ ಕಾಣುವುದಿಲ್ಲ. ಆರು ತಿಂಗಳವರೆಗೂ ಕಾದು ನೋಡುತ್ತಾರೆ. ಒಪ್ಪಿದರೆ ಎರಡು ವರ್ಷವೋ ಅದಕ್ಕಿಂತ ಹೆಚ್ಚೋ ಮುಂದುವರಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಪೂರ್ತಿಯಾಗಿಯೋ ಭಾಗಶಃವಾಗಿಯೋ ಚೇತರಿಸಿಕೊಳ್ಳುತ್ತಾರೆ. ಇದಕ್ಕೂ ಬಗ್ಗದವರಿಗೆ ರಿಟುಕ್ಸಿಮ್ಯಾಬ್ ಎಂಬ ಡ್ರಿಪ್ ಔಷಧಿ ಮುಂತಾದುವನ್ನು ತಜ್ಞರು ಯೋಚಿಸುತ್ತಾರೆ.

‘ಪೂರ್ತಿ ಗುಣವಾಗದಿದ್ದರೆ ಏನು ಪ್ರಯೋಜನ?’ ಎಂದು ಸೋಲಬೇಡಿ. ಪೋಡೋನೆಟ್ ಎಂಬ ಹಲವು ದೇಶಗಳ ತಜ್ಞರ ಕೂಟ 1,354 ಮಕ್ಕಳ ಲೆಕ್ಕವನ್ನು 2017ರಲ್ಲಿ ಪ್ರಕಟಿಸಿತು. ಸೋರಿಕೆ ಪೂರ್ತಿ ನಿಂತ ಮಕ್ಕಳಲ್ಲಿ ಹತ್ತು ವರ್ಷಗಳ ಮೇಲೂ ನೂರಕ್ಕೆ 94 ಮಂದಿಯ ಮೂತ್ರಪಿಂಡ ಕೈಕೊಟ್ಟಿರಲಿಲ್ಲ. ಭಾಗಶಃ ನಿಂತವರಲ್ಲಿ ಅದು 72. ಯಾವ ಔಷಧಿಗೂ ಬಗ್ಗದವರಲ್ಲಿ 43. ಆ 72ಕ್ಕೂ 43ಕ್ಕೂ ಇರುವ ಅಂತರವನ್ನು ನೋಡಿ. ಮೂತ್ರದ ಪರೀಕ್ಷೆಯಲ್ಲಿ ನಾಲ್ಕು ಪ್ಲಸ್ ಇದ್ದದ್ದು ಒಂದು ಪ್ಲಸ್ಸಿಗೆ ಇಳಿದರೂ ಅದು ದೊಡ್ಡ ಗಳಿಕೆಯೇ.

ಗಡಿಯಾರ ನೋಡಿ ಮಾತ್ರೆ

ಟ್ಯಾಕ್ರೊಲಿಮಸ್ ರಕ್ತದಲ್ಲಿ ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ಅದೇ ಮೂತ್ರಪಿಂಡಕ್ಕೆ ಕೆಡುಕು. ಆದ್ದರಿಂದ:

• ದಿನಕ್ಕೆರಡು ಸಲ, ಹನ್ನೆರಡು ಗಂಟೆ ಅಂತರದಲ್ಲಿ ಕೊಡಿ. ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಊಟಕ್ಕೆ ಮೊದಲೋ ಆಮೇಲೋ, ವೈದ್ಯರು ಹೇಳಿದಂತೆ ದಿನವೂ ಒಂದೇ ಕ್ರಮವಿರಲಿ.

• ರಕ್ತದಲ್ಲಿ ಔಷಧಿಯ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ಕೊಡದೆ ಹೋಗಿ. ಮಾತ್ರೆಯನ್ನು ಜೊತೆಯಲ್ಲೇ ಒಯ್ದು ರಕ್ತ ಕೊಟ್ಟ ಕೂಡಲೇ ಕೊಡಿ. ಮನೆಯಲ್ಲೇ ಕೊಟ್ಟು ಬಂದರೆ ಬಸ್ಸಿನ ದುಡ್ಡೂ ದಂಡ, ಪರೀಕ್ಷೆಯೂ ದಂಡ.

• ಚಕ್ಕೋತ ಹಣ್ಣು ಬೇಡ. ದೇವನಹಳ್ಳಿಯ ಚಕ್ಕೋತ ಎಷ್ಟೇ ಹೆಸರುವಾಸಿಯಾಗಿರಲಿ, ಆ ಜಾತಿಯ ಹಣ್ಣು ಈ ಔಷಧಿಯ ಮಟ್ಟವನ್ನು ಏರಿಸಿಬಿಡುತ್ತದೆ. ಕರಾವಳಿಯ ದಾರೆಹುಳಿ, ಅಂದರೆ ಸ್ಟಾರ್‌ಫ್ರೂಟ್, ಮೂತ್ರಪಿಂಡದ ಕಾಯಿಲೆ ಇರುವ ಯಾರಿಗೂ ಒಳ್ಳೆಯದಲ್ಲ.

• ನೆಗಡಿ, ಕೆಮ್ಮು, ಹುಳಕಡ್ಡಿ ಎಂದು ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ. ಎರಿತ್ರೋಮೈಸಿನ್‌ನಂಥ ಕೆಲವು ಔಷಧಿಗಳು ಮಟ್ಟ ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಳಿಸುತ್ತವೆ. ನೋವಿಗೆ ಕೊಡುವ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಪೆಟ್ಟು. ಯಾವ ವೈದ್ಯರ ಬಳಿ ಹೋದರೂ ಮಗುವಿನ ಔಷಧಿ ಚೀಟಿ ಮೊದಲು ತೋರಿಸಿ.

• ಕೈನಡುಕ, ಬಾಯಾರಿಕೆ, ಪದೇ ಪದೇ ಮೂತ್ರ ಕಂಡರೆ ತಿಳಿಸಿ. ಟ್ಯಾಕ್ರೊಲಿಮಸ್ ಸಕ್ಕರೆ ಏರಿಸುವುದುಂಟು. ಸೈಕ್ಲೋಸ್ಪೋರಿನ್‌ನಿಂದ ಮೈಮೇಲೆ ಕೂದಲು ಬೆಳೆದು ಒಸಡು ದಪ್ಪವಾಗಬಹುದು. ದೊಡ್ಡ ಹುಡುಗಿಯರು ಇದಕ್ಕೆ ನಾಚಿ ಗುಟ್ಟಾಗಿ ಮಾತ್ರೆ ಬಿಡುತ್ತಾರೆ. ಗದರಬೇಡಿ, ವೈದ್ಯರನ್ನು ಕೇಳಿ ಬದಲಾಯಿಸಲು ಆಗುತ್ತದೆಯೇ ನೋಡಿ.

ಒಲೆಯ ಪಕ್ಕದ ಪ್ರಯೋಗಶಾಲೆ

ಮೂತ್ರದ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಬಣ್ಣದ ಪಟ್ಟಿ ಅದ್ದಿ ನೋಡುವುದು ಒಂದು ವಿಧ. ಅಗ್ಗದ್ದು ಸಲ್ಫೋಸ್ಯಾಲಿಸಿಲಿಕ್ ಆಮ್ಲದ ವಿಧಾನ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಆಸ್ಪತ್ರೆಯಲ್ಲಿ ಹೇಳಿಕೊಟ್ಟಷ್ಟು ಹನಿ ಹಾಕಿ, ನಳಿಗೆಯ ಹಿಂದೆ ಅಚ್ಚಿನ ಕಾಗದ ಹಿಡಿದು ನೋಡಿ. ತಿಳಿಯಾಗಿದ್ದರೆ ಸೋರಿಕೆ ಇಲ್ಲ. ಮಬ್ಬಾದರೂ ಅಕ್ಷರ ಓದಲು ಬಂದರೆ ಒಂದು ಪ್ಲಸ್. ಅಕ್ಷರದ ಬದಲು ಕಪ್ಪು ಗೆರೆ ಮಾತ್ರ ಕಂಡರೆ ಎರಡು. ಏನೂ ಕಾಣದಿದ್ದರೆ ಮೂರು. ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ನಾಲ್ಕು.

ಒಂದು ನೋಟ್‌ಬುಕ್ ಇಟ್ಟು ತಾರೀಖು, ಪ್ಲಸ್, ತೂಕ, ಕೊಟ್ಟ ಮಾತ್ರೆ, ಜ್ವರ ಇದ್ದರೆ ಜ್ವರ, ಎಲ್ಲ ಬರೆಯಿರಿ. ಒಮ್ಮೆ ಪೂರ್ತಿ ನಿಂತಿದ್ದ ಸೋರಿಕೆ ಮತ್ತೆ ಮೂರು ದಿನ ಸತತ ಮೂರು ಅಥವಾ ನಾಲ್ಕು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಅರ್ಥ. ಊತ ಬರುವವರೆಗೆ ಕಾಯಬೇಡಿ. ಹಾಲಿನ ಲೆಕ್ಕ ಬರೆಯುವ ಕೈಗೆ ಇದೇನೂ ಕಷ್ಟವಲ್ಲ. ಅಕ್ಷರ ಬಾರದ ಅಜ್ಜಿಯೂ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಬಹುದು.

ಕೂಡಲೇ ಓಡಬೇಕಾದದ್ದು ಯಾವಾಗ?

ಜ್ವರದ ಜೊತೆ ಹೊಟ್ಟೆನೋವು ಬಂದರೆ ಅಜೀರ್ಣವೆಂದು ಓಮದ ಕಷಾಯ ಕೊಟ್ಟು ಕೂರಬೇಡಿ. ಹೊಟ್ಟೆಯ ನೀರಿಗೆ ಸೋಂಕು ತಗಲಿರಬಹುದು. ಒಂದೇ ಕಾಲು ಊದಿ ನೋವಾದರೆ, ವಿಪರೀತ ತಲೆನೋವು, ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಮೂತ್ರ ತೀರಾ ಕಡಿಮೆಯಾದರೆ ಆ ಹೊತ್ತಿಗೇ ಹೊರಡಿ. ಈ ಮಕ್ಕಳ ರಕ್ತ ನಾಳದೊಳಗೇ ಹೆಪ್ಪುಗಟ್ಟುವ ಅಪಾಯವಿದೆ. ವಾಂತಿಭೇದಿಯಾದರೆ ಎನಲಾಪ್ರಿಲ್ ಮುಂದುವರಿಸಬೇಕೋ ಬೇಡವೋ ಫೋನಿನಲ್ಲಾದರೂ ಕೇಳಿ.

ಬೀದಿಯಲ್ಲೋ ಶಾಲೆಯಲ್ಲೋ ಯಾರಿಗಾದರೂ ‘ಅಮ್ಮ’, ಅಂದರೆ ಸೀತಾಳೆ ಸಿಡುಬು ಬಂದಿದ್ದು, ನಿಮ್ಮ ಮಗು ಅವರ ಜೊತೆ ಆಡಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಗುಳ್ಳೆ ಏಳುವ ಮೊದಲೇ ಕೊಡುವ ರಕ್ಷಣೆ ಇದೆ. ದೇವರಿಗೆ ತಂಬಿಟ್ಟಿನಾರತಿ ಬೇಕಾದರೆ ಮಾಡಿ, ಆದರೆ ಆಸ್ಪತ್ರೆಗೆ ಹೋಗಿಬಂದ ಮೇಲೆ. ಈ ಔಷಧಿಗಳ ಮೇಲಿರುವ ಮಗುವಿಗೆ ಜೀವಂತ ಲಸಿಕೆಗಳನ್ನು ಕೇಳದೆ ಹಾಕಿಸಬಾರದು. ಮನೆಯ ಇತರ ಮಕ್ಕಳಿಗೂ ಪೋಲಿಯೊ ಹನಿಯ ಬದಲು ಚುಚ್ಚುಮದ್ದು ಹಾಕಿಸುವ ಬಗ್ಗೆ ವಿಚಾರಿಸಿ. ನ್ಯುಮೋನಿಯಾ, ಫ್ಲೂ ಲಸಿಕೆಗಳು ಮಾತ್ರ ಇವರಿಗೆ ಬಹಳ ಮುಖ್ಯ.

ಉಪ್ಪು ಕಡಿಮೆ, ರುಚಿ ಕಡಿಮೆಯಲ್ಲ

ಊತ ಇರುವಾಗ ಉಪ್ಪೇ ಮೊದಲ ವೈರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಿಪ್ಸು, ಬೇಕರಿಯ ಖಾರದ ತಿನಿಸು ದೂರವಿರಲಿ. ಅಡುಗೆ ಸೋಡಾದಲ್ಲೂ ಉಪ್ಪಿನ ಅಂಶವೇ ಇರುವುದು. ಅಂಗಡಿಯಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ; ಎನಲಾಪ್ರಿಲ್, ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವ ಮಗುವಿನಲ್ಲಿ ಅದು ಏರಿದರೆ ಹೃದಯಕ್ಕೇ ತೊಂದರೆ. ಸಸಾರಜನಕ ಸೋರುತ್ತದೆಂದು ದಿನಕ್ಕೆ ನಾಲ್ಕು ಮೊಟ್ಟೆ ತುರುಕುವುದೂ ಬೇಡ, ಬೇಳೆಯನ್ನೇ ಬಿಡಿಸುವುದೂ ಬೇಡ, ವಯಸ್ಸಿಗೆ ತಕ್ಕಷ್ಟಿರಲಿ. ಸ್ಟೀರಾಯ್ಡ್‌ನಿಂದ ವಿಪರೀತ ಹಸಿವಾಗುತ್ತದೆ. ಆಗ ಸಿಹಿ, ಕರಿದದ್ದು ಕೊಡದೆ ಇಡ್ಲಿ, ರೊಟ್ಟಿ, ಪಲ್ಯ ಕೊಡಿ.

ಮಗುವಿಗೆಂದು ಬೇರೆ ಒಲೆ ಹೂಡಬೇಕಾಗಿಲ್ಲ. ಸಾರು, ಪಲ್ಯ ಉಪ್ಪಿಲ್ಲದೆ ಬೇಯಿಸಿ, ಮಗುವಿನ ಪಾಲು ಮೊದಲು ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕಿ. ಹುಳಿ, ಮೆಣಸು, ಶುಂಠಿ, ಕೊತ್ತಂಬರಿ ಉಪ್ಪಿನ ಕೊರತೆ ಮುಚ್ಚುತ್ತವೆ.

ಸಬ್ಬಸಿಗೆ ಅಕ್ಕಿರೊಟ್ಟಿ: ಎರಡು ಲೋಟ ಅಕ್ಕಿಹಿಟ್ಟಿಗೆ ಒಂದು ಹಿಡಿ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಒಂದು ಈರುಳ್ಳಿ, ಎರಡು ಚಮಚ ಕಾಯಿತುರಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸಿನಕಾಯಿ ಸೇರಿಸಿ ಬಿಸಿನೀರಿನಲ್ಲಿ ಕಲೆಸಿ ತೆಳ್ಳಗೆ ತಟ್ಟಿ. ಸೊಪ್ಪಿನ ಘಮಕ್ಕೆ ಉಪ್ಪಿನ ನೆನಪಾಗುವುದಿಲ್ಲ.

ನಿಂಬೆ ತೊವ್ವೆ: ಅರ್ಧ ಲೋಟ ಹೆಸರುಬೇಳೆಯನ್ನು ಚಿಟಿಕೆ ಅರಿಶಿನ, ಜಜ್ಜಿದ ಶುಂಠಿ ಹಾಕಿ ಬೇಯಿಸಿ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಹುರಿಗಡಲೆ ಚಟ್ನಿಪುಡಿ: ಒಂದು ಲೋಟ ಹುರಿಗಡಲೆ, ಕಾಲು ಬಟ್ಟಲು ಒಣಕೊಬ್ಬರಿ, ನಾಲ್ಕು ಹುರಿದ ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆಹಣ್ಣು, ಹುರಿದ ಕರಿಬೇವು ಸೇರಿಸಿ ಪುಡಿಮಾಡಿ. ಮಗುವಿನ ಹೆಸರು ಬರೆದ ಡಬ್ಬಿಯಲ್ಲಿಡಿ.

ರಕ್ತದಲ್ಲಿ ಕ್ರಿಯಾಟಿನಿನ್ ಅಥವಾ ಪೊಟ್ಯಾಶಿಯಂ ಏರಿರುವ ಮಕ್ಕಳಿಗೆ ಬಾಳೆಹಣ್ಣು, ಎಳನೀರು, ಬೇಳೆಕಾಳು ಎಷ್ಟೆಷ್ಟು ಎಂಬುದನ್ನು ಆಸ್ಪತ್ರೆಯ ಆಹಾರತಜ್ಞರೇ ಹೇಳಬೇಕು. ಅಂಥವರ ತಾಯಂದಿರು ಈ ತಿನಿಸುಗಳನ್ನೂ ಕೇಳಿಯೇ ಮಾಡಲಿ.

ಎಲ್ಲಿಗೆ ಹೋಗುವುದು, ಹೇಗೆ ಹೊರುವುದು?

ಮಾತ್ರೆಗೆ ಮಣಿಯಲಿಲ್ಲ ಎಂದು ತಿಳಿದ ಮೇಲೆ ಊರಿನ ವೈದ್ಯರಿಂದ ಚೀಟಿ ಬರೆಸಿಕೊಂಡು ಮಕ್ಕಳ ಮೂತ್ರಪಿಂಡ ತಜ್ಞರಿರುವಲ್ಲಿಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಒಮ್ಮೆ ಅಲ್ಲಿ ದಾರಿ ಹಾಕಿಸಿಕೊಂಡರೆ ತಿಂಗಳ ತಪಾಸಣೆಯನ್ನು ಊರಿನ ಮಕ್ಕಳ ವೈದ್ಯರೇ ನೋಡಿಕೊಳ್ಳಬಹುದು. ನೋಟ್‌ಬುಕ್ಕೇ ಇಬ್ಬರ ನಡುವಿನ ಸೇತುವೆ.

ಖರ್ಚಿನ ಮಾತು ಸಣ್ಣದಲ್ಲ. ಹೋಗುವಾಗ ಪಡಿತರ ಚೀಟಿ, ಆಧಾರ್ ಜೊತೆಗಿರಲಿ. 2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ನಿಮ್ಮ ಮಗುವಿನ ಯಾವ ಚಿಕಿತ್ಸೆಗೆ ನೆರವು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

‘ಹೆಣ್ಣುಮಗು ತಾನೇ, ಇಷ್ಟೊಂದು ಸುರಿಯಬೇಕೇ?’ ಎಂಬ ಮಾತು ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. ಮಾತ್ರೆ ನಡುವೆ ನಿಲ್ಲುವುದು ಹಾಗೆಯೇ. ತಾಯಿ ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಹಾಗೆಯೇ, ಎಷ್ಟು ಮಾಡಿದರೂ ಕೆಲವು ಮಕ್ಕಳ ಮೂತ್ರಪಿಂಡ ಸೋಲುತ್ತದೆ. ಅದು ತಾಯಿಯ ಸೋಲಲ್ಲ. ಆಗಲೂ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್ ಇದೆ, ಕಸಿ ಇದೆ. ಕಲೆಗಟ್ಟಿದ ಬಗೆಯ ಕಾಯಿಲೆ ಕಸಿಯ ಮೇಲೂ ಮರಳಿ ಬರುವುದುಂಟು. ವಂಶವಾಹಿ ದೋಷದ ಮಕ್ಕಳಲ್ಲಿ ಆ ಭಯ ಬಹಳ ಕಡಿಮೆ. ಅಂದು ನೋವೆನಿಸಿದ ಪರೀಕ್ಷೆಯ ಫಲಿತಾಂಶ ಇಂದು ಸಮಾಧಾನವಾಗುವುದು ಹೀಗೆ.

ಊತ ಇಲ್ಲದ ದಿನಗಳಲ್ಲಿ ಮಗುವನ್ನು ಶಾಲೆಗೆ ಕಳಿಸಿ, ಆಡಲು ಬಿಡಿ. ಟೀಚರಿಗೆ ಕಾಯಿಲೆಯ ವಿಷಯ ಹೇಳಿಡಿ. ಗುಂಡು ಮುಖವನ್ನು ಆಡಿಕೊಳ್ಳುವ ಮಕ್ಕಳನ್ನು ಅವರೇ ತಿದ್ದುತ್ತಾರೆ. ಮನೆಯ ಇನ್ನೊಂದು ಮಗು ‘ಅಮ್ಮನಿಗೆ ನಾನು ಬೇಡ’ ಎಂದುಕೊಳ್ಳದಂತೆ ದಿನಕ್ಕೆ ಅರ್ಧ ಗಂಟೆ ಅದಕ್ಕೂ ಕೊಡಿ. ರಾತ್ರಿಯ ಮಾತ್ರೆಯ ಹೊಣೆಯನ್ನು ಯಜಮಾನರಿಗೆ ವಹಿಸಿ. ಎರಡು ವರ್ಷದ ಚಿಕಿತ್ಸೆ ಒಬ್ಬಳೇ ಹೊರುವ ಭಾರವಲ್ಲ. ಮನೆಯವರೆಲ್ಲ ಕೈ ಹಾಕಿದರೆ ಮಾತ್ರೆ ತಪ್ಪುವುದಿಲ್ಲ, ಮಾತ್ರೆ ತಪ್ಪದಿದ್ದರೆ ಮಗುವಿಗೆ ಸಿಗಬೇಕಾದ ಗುಣವೂ ತಪ್ಪುವುದಿಲ್ಲ.